ಮನೆ ಅಂಗಳಕ್ಕೆ ಮೊದಲ ಸಲ ಕೋಳಿಮರಿ: ಆರ್ಡರ್ ಮಾಡುವ ಮುನ್ನ ಏನೇನು ಸಿದ್ಧವಿರಬೇಕು?

ಹಳದಿ ಮರಿಗಳ ಮುದ್ದಾದ ಚಿತ್ರ. ಕೆಳಗೆ ಒಂದು ಮೊಬೈಲ್ ಸಂಖ್ಯೆ. ‘ಒಂದು ದಿನದ ನಾಟಿ ಕೋಳಿಮರಿ, ಮನೆ ಬಾಗಿಲಿಗೆ ಡೆಲಿವರಿ. ಮೂರು ತಿಂಗಳಲ್ಲಿ ಮೊಟ್ಟೆ ಶುರು. ಮನೆಯಲ್ಲಿ ಉಳಿದ ಅನ್ನ, ಜೋಳದ ನುಚ್ಚು ಹಾಕಿದರೆ ಸಾಕು, ಖರ್ಚೇ ಇಲ್ಲ.’ ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು.

ಕಲಬುರಗಿಯ ನಮ್ಮ ಮನೆಯ ಗುಂಪಿಗೂ ಬಂದಿತ್ತು. ಅದನ್ನು ಕಮಲಾಪುರದಲ್ಲಿರುವ ಅತ್ತೆಗೆ ಕಳಿಸಿದ್ದು ನಾವೇ. ಅವರು ಮಹಿಳಾ ಸಂಘದಲ್ಲಿ ಸಾಲ ಎತ್ತಿ ಏಪ್ರಿಲ್‌ನಲ್ಲಿ 50 ಮರಿ ತರಿಸಿದರು. ವಾರ ಮುಗಿಯುವಷ್ಟರಲ್ಲಿ 31 ಉಳಿದವು. ಎರಡು ತಿಂಗಳಾಗುವಷ್ಟರಲ್ಲಿ ಒಂದು ರೋಗ ಬಂದು 9ಕ್ಕೆ ಇಳಿದವು. ‘ಕೋಳಿ ಸಾಕೋದು ನಮ್ಮ ಕೈಗೆ ಹತ್ತಂಗಿಲ್ಲ ಬಿಡ್ರಿ’ ಎಂದು ಅತ್ತೆ ಕೈಚೆಲ್ಲಿದರು. ಸಾಲದ ಕಂತು ಮಾತ್ರ ಉಳಿಯಿತು.

ಆಮೇಲೆ ನಾವು ಒಂದೊಂದಾಗಿ ಕಾರಣ ಹುಡುಕಿದೆವು. ಕೈಗುಣದ ತಪ್ಪು ಎಲ್ಲೂ ಕಾಣಲಿಲ್ಲ. ಮರಿ ಬಂದ ಮೇಲೆ ವ್ಯವಸ್ಥೆ ಮಾಡಿಕೊಳ್ಳೋಣ ಎಂದುಕೊಂಡಿದ್ದೇ ತಪ್ಪಾಗಿತ್ತು. ಮರಿ ಸಾಕುವ ಕೆಲಸದಲ್ಲಿ ಆರ್ಡರ್ ಮಾಡುವುದು ಕೊನೆಯ ಹೆಜ್ಜೆಯಾಗಬೇಕು. ಅದಕ್ಕೂ ಮೊದಲು ಏನೇನು ಆಗಬೇಕು, ಫಾರ್ವರ್ಡ್‌ಗಳಲ್ಲಿ ಯಾವ ಮಾತು ನಿಜ, ಯಾವುದು ಸುಳ್ಳು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ದಿನದ ಮರಿ ದೂರದ ಪ್ರಯಾಣ ತಡೆಯುತ್ತದೆಯೇ?

ತಡೆಯುತ್ತದೆ, ಆದರೆ ಮಿತಿಯಿದೆ. ಕೋಳಿಮೊಟ್ಟೆ ಒಡೆದು ಮರಿಯಾಗಲು 21 ದಿನ ಬೇಕು. ಹೊರಬರುವ ಸ್ವಲ್ಪ ಮೊದಲು ಮರಿಯು ಮೊಟ್ಟೆಯ ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಈ ಬುತ್ತಿಯ ಬಲದ ಮೇಲೆ ಅದು 48ರಿಂದ 72 ಗಂಟೆ ನೀರು, ಮೇವಿಲ್ಲದೆ ಬದುಕಬಲ್ಲದು. ಕಾವು ಕೂತ ತಾಯಿಕೋಳಿಯ ಎಲ್ಲ ಮೊಟ್ಟೆಗಳೂ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲವಲ್ಲ. ಕೊನೆಯ ಮರಿ ಬರುವವರೆಗೂ ಮೊದಲ ಮರಿ ಕಾಯಬೇಕು, ಅದಕ್ಕಾಗಿ ಪ್ರಕೃತಿ ಮಾಡಿಕೊಂಡ ಏರ್ಪಾಡಿದು. ಇದೇ ಗುಣವನ್ನು ನೆಚ್ಚಿಕೊಂಡು ಅಮೆರಿಕದಲ್ಲಿ 1918ರಿಂದ ಮರಿಗಳನ್ನು ಅಂಚೆಯಲ್ಲೇ ಕಳಿಸುತ್ತಿದ್ದಾರೆ. ನಮ್ಮಲ್ಲಿ ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ, ಹ್ಯಾಚರಿಯ ಗಾಡಿಯಲ್ಲೋ ಬಸ್ಸಿನಲ್ಲೋ ಬರುತ್ತವೆ.

‘ಮೂರು ದಿನ ತಡೆಯುತ್ತದೆ’ ಎಂದರೆ ಮೂರು ದಿನ ಕಾಯಿಸಬಹುದು ಎಂದಲ್ಲ. ಸೆಖೆಯಲ್ಲಿ ಪೆಟ್ಟಿಗೆಯೊಳಗೆ ಒತ್ತಿಕೊಂಡು ಕೂತ ಮರಿಗಳ ಮೈಯಿಂದ ನೀರಿನಂಶ ಬೇಗ ಆರಿಹೋಗುತ್ತದೆ. ಆದ್ದರಿಂದ ಮಾರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ಮರಿ ಒಡೆದದ್ದು ಯಾವ ದಿನ, ಯಾವ ಹೊತ್ತಿಗೆ ಹೊರಡುತ್ತದೆ, ಎಷ್ಟು ಗಂಟೆಗೆ ನಮ್ಮ ಕೈ ಸೇರುತ್ತದೆ? ಕಲಬುರಗಿ ಕಡೆಗಾದರೆ ರಾತ್ರಿ ಹೊರಟು ಬೆಳಗಿನ ತಂಪಿನಲ್ಲಿ ತಲುಪುವಂತೆ ಕೇಳಿ. ಅತ್ತೆಯ ಮರಿಗಳು ತಲುಪಿದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ, ಎರಡೂವರೆಗೆ.

‘ಇಷ್ಟ್ ಬಿಸಿಲಾಗ ಮತ್ತ ಬಲ್ಬ್ ಯಾಕ್ರಿ?’

ಕಲಬುರಗಿಯವರು ಈ ಪ್ರಶ್ನೆ ಕೇಳುವುದು ಸಹಜ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹಗಲು 42-43 ಡಿಗ್ರಿ ದಾಟುವುದು ಹೊಸತಲ್ಲ. ಹೀಗಿರುವಾಗ ಮರಿಗೆ ಬೇರೆ ಕಾವು ಯಾಕೆ?

ಉತ್ತರ ಮರಿಯ ಮೈಯಲ್ಲಿದೆ. ದೊಡ್ಡ ಕೋಳಿಯ ಮೈ ಸುಮಾರು 41 ಡಿಗ್ರಿ ಬೆಚ್ಚಗಿರುತ್ತದೆ, ಗರಿ ಆ ಕಾವನ್ನು ಹಿಡಿದಿಡುತ್ತದೆ. ಮರಿಗೆ ಇರುವುದು ಗರಿಯಲ್ಲ, ಬರೀ ನವಿರು. ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಬರುವುದು ಎರಡು-ಮೂರು ವಾರ ಕಳೆದ ಮೇಲೆ. ಅಲ್ಲಿಯವರೆಗೆ ತಾಯಿಯ ರೆಕ್ಕೆಯ ಕೆಳಗಿನ ಬಿಸಿಯೇ ಅದಕ್ಕೆ ಆಸರೆ. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋದರೆ ನಾಲ್ಕೈದು ವಾರಕ್ಕೆ ಹೊರಗಿನ ಹವೆಗೆ ಹೊಂದಿಕೊಳ್ಳುತ್ತದೆ.

ಈಗ ಲೆಕ್ಕ ಹಾಕಿ. ನಮ್ಮ ಏಪ್ರಿಲ್‌ನ ಬೆಳಗಿನ ಜಾವ 25-26 ಡಿಗ್ರಿ. ನಮಗೆ ಹಾಯೆನಿಸುವ ಆ ಗಾಳಿ ಮರಿಗೆ ಬೇಕಾದ್ದಕ್ಕಿಂತ 9-10 ಡಿಗ್ರಿ ಕಡಿಮೆ. ಡಿಸೆಂಬರ್‌ನ ರಾತ್ರಿಯಂತೂ 15ರ ಆಸುಪಾಸು. ಅದೇ ಮರಿಯನ್ನು ಹಗಲು ತಗಡಿನ ಕೋಣೆಯಲ್ಲಿಟ್ಟರೆ 40 ದಾಟಿದ ಬಿಸಿಯಲ್ಲಿ ಬಾಯ್ದೆರೆದು ಏದುಸಿರು ಬಿಡುತ್ತದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ, ಬಾಯಿಂದ ಉಸಿರಾಡಿಯೇ ಬಿಸಿ ಕಳೆದುಕೊಳ್ಳಬೇಕು. ಹೀಗೆ ಒಂದೇ ದಿನದಲ್ಲಿ ಮಧ್ಯಾಹ್ನ ಬೇಯುವುದು, ಬೆಳಗಿನ ಜಾವ ನಡುಗುವುದು ಎರಡೂ ಆಗುತ್ತದೆ. ಹಗಲಿನಲ್ಲಿ ನೆರಳು, ಗಾಳಿ, ಚಾವಣಿಯ ಮೇಲೆ ಒದ್ದೆ ಗೋಣಿಚೀಲ ಬೇಕು. ರಾತ್ರಿ ಬಲ್ಬ್ ಬೇಕು.

ಅತ್ತೆಯೂ ರಾತ್ರಿ ಬಲ್ಬ್ ಹಾಕಿದ್ದರು, 9 ವ್ಯಾಟ್‌ನ ಎಲ್‌ಇಡಿ. ಎಲ್‌ಇಡಿ ಬೆಳಕು ಚೆನ್ನಾಗಿ ಕೊಡುತ್ತದೆ, ಶಾಖ ಹೆಚ್ಚೇನೂ ಕೊಡುವುದಿಲ್ಲ. ಅದಕ್ಕೇ ಅದು ಕರೆಂಟ್ ಉಳಿಸುವುದು. ಮರಿಗೆ ಬೇಕಾದ್ದು ಹಳೆಯ ಕಾಲದ ತಂತಿ ಉರಿಯುವ ಬಲ್ಬ್. ಒಂದು ಮರಿಗೆ ಸುಮಾರು 2 ವ್ಯಾಟ್ ಎಂಬುದು ರೂಢಿಯ ಲೆಕ್ಕ. 25 ಮರಿಗೆ 60 ವ್ಯಾಟ್ ಸಾಕು, ಚಳಿಗಾಲದಲ್ಲಿ 100. ಒಂದೇ ದೊಡ್ಡ ಬಲ್ಬಿಗಿಂತ ಎರಡು ಚಿಕ್ಕವು ಲೇಸು. ಒಂದು ಸುಟ್ಟುಹೋದರೆ ಇನ್ನೊಂದಿರುತ್ತದೆ. ನೆಲದಿಂದ ಒಂದೂವರೆ-ಎರಡಡಿ ಎತ್ತರದಲ್ಲಿ, ವೈರಿನ ಮೇಲೆ ಭಾರ ಬೀಳದಂತೆ ಸರಪಳಿಯಿಂದ ಗಟ್ಟಿಯಾಗಿ ತೂಗುಹಾಕಿ. ಒಣ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತೀತು. ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಇಡಬಹುದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ ಇಡಬೇಡಿ, ಅದರ ವಿಷಾನಿಲ ಮರಿಗೂ ಮನುಷ್ಯರಿಗೂ ಪ್ರಾಣಕ್ಕೆ ಕುತ್ತು.

ಉಷ್ಣಮಾಪಕ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪುಗೂಡಿ ಕೀಚಲು ದನಿ ಮಾಡಿದರೆ ಚಳಿ. ದೂರ ಸರಿದು ಬಾಯ್ತೆರೆದರೆ ಸೆಖೆ. ಒಂದೇ ಮೂಲೆಗೆ ಒತ್ತಿಕೊಂಡರೆ ಎಲ್ಲಿಂದಲೋ ಗಾಳಿ ಬೀಸುತ್ತಿದೆ. ಎಲ್ಲೆಡೆ ಹರಡಿಕೊಂಡು ತಿನ್ನುತ್ತ, ಮಲಗುತ್ತ ಇದ್ದರೆ ಸರಿಯಾಗಿದೆ. ರಾತ್ರಿ ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವ ನಾಲ್ಕಕ್ಕೊಮ್ಮೆ ಎದ್ದು ನೋಡುವುದು ಮೊದಲ ವಾರದ ಕಡ್ಡಾಯ ಕೆಲಸ.

ಜಾಗ ಹೇಗಿರಬೇಕು?

ಮೂಲೆಗಳಿಲ್ಲದ ದುಂಡನೆಯ ಆವರಣ ಒಳ್ಳೆಯದು. ಮೂಲೆಯಿದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಕೆಳಗಿನವು ಉಸಿರುಗಟ್ಟುತ್ತವೆ. ಒಂದೂವರೆ ಅಡಿ ಎತ್ತರದ ರಟ್ಟನ್ನೋ ತಗಡನ್ನೋ ಬಾಗಿಸಿ 4 ಅಡಿ ಅಡ್ಡಳತೆಯ ವೃತ್ತ ಮಾಡಿದರೆ 25 ಮರಿಗೆ ಮೊದಲ ವಾರ ಸಾಕು, ಒಂದಕ್ಕೆ ಅರ್ಧ ಚದರಡಿ ಸಿಗುತ್ತದೆ. ಬೆಳೆದಂತೆ ವೃತ್ತ ದೊಡ್ಡದು ಮಾಡುತ್ತ ಹೋಗಿ.

ನಮ್ಮ ಭಾಗದ ಮನೆಗಳ ನೆಲ ಹೆಚ್ಚಾಗಿ ಶಹಾಬಾದ್ ಕಲ್ಲಿನದು. ನುಣುಪು ನೆಲದ ಮೇಲೆ, ಹಾಗೆಯೇ ಬರೀ ಪೇಪರ್ ಹಾಸಿದ ನೆಲದ ಮೇಲೆ ಮರಿಯ ಕಾಲು ಜಾರುತ್ತದೆ. ಎಳೆಯ ಕಾಲುಗಳು ಎರಡೂ ಕಡೆ ಅಗಲಿ, ಸರಿಯಾಗಿ ನಿಲ್ಲಲಾರದೆ ಕುಂಟಾಗುತ್ತವೆ. ಆದ್ದರಿಂದ ಎರಡು-ಮೂರು ಅಂಗುಲ ದಪ್ಪ ಒಣ ಭತ್ತದ ಹೊಟ್ಟು ಅಥವಾ ಪುಡಿಮಾಡಿದ ಶೇಂಗಾ ಸಿಪ್ಪೆ ಹಾಸಿ. ಮೊದಲೆರಡು ದಿನ ಅದರ ಮೇಲೆ ಗೋಣಿತಟ್ಟು ಹರವಿದರೆ ಮರಿಗಳು ಹೊಟ್ಟನ್ನೇ ತಿನ್ನುವುದು ತಪ್ಪುತ್ತದೆ. ಹಾಸು ಒದ್ದೆಯಾದರೆ ಆ ಭಾಗವನ್ನು ಅಂದೇ ತೆಗೆಯಿರಿ. ಒದ್ದೆ ಹಾಸಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಯಿಂದಲೇ ರಕ್ತಭೇದಿ ಬರುವುದು, ಅದು ಹೆಚ್ಚಾಗಿ 3ರಿಂದ 6 ವಾರದ ಮರಿಗಳನ್ನು ಕಾಡುತ್ತದೆ.

ಬೆಕ್ಕು, ನಾಯಿ, ಮುಂಗುಸಿ, ಹೆಗ್ಗಣ, ಕಾಗೆ ಎಲ್ಲಕ್ಕೂ ಮರಿ ಸುಲಭದ ತುತ್ತು. ಕಿಟಕಿಗೆ, ಮೇಲ್ಭಾಗಕ್ಕೆ ಸಣ್ಣ ಕಣ್ಣಿನ ಜಾಲರಿ ಬೇಕು. ಇದೆಲ್ಲ ಮರಿ ಬರುವ ಹಿಂದಿನ ದಿನವೇ ಮುಗಿದಿರಲಿ. ಬಲ್ಬ್ ಹಚ್ಚಿ ಜಾಗ ಬಿಸಿಯಾಗಿದೆಯೇ ಎಂದು ಒಂದು ರಾತ್ರಿ ಪರೀಕ್ಷೆ ಮಾಡಿ ನೋಡಿ.

ಮರಿ ಬಂದ ಮೊದಲ ದಿನ

ಮೊದಲು ನೀರು, ಆಮೇಲೆ ಮೇವು. ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಬೆಲ್ಲ ಕದಡಿ ಇಡುವುದು ಒಳ್ಳೆಯ ರೂಢಿ, ಪ್ರಯಾಣದ ದಣಿವಿಗೆ ತಕ್ಷಣದ ಶಕ್ತಿ ಸಿಗುತ್ತದೆ. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ಮುಟ್ಟಿಸಿ ಬಿಡಿ, ಕಲಿತುಕೊಳ್ಳುತ್ತವೆ. ಅಗಲ ತಟ್ಟೆಯಲ್ಲಿ ನೀರಿಟ್ಟರೆ ಮರಿಗಳು ಬಿದ್ದು ಒದ್ದೆಯಾಗಿ, ಚಳಿ ಹಿಡಿದು ಸಾಯುತ್ತವೆ. ಆಳ ಕಡಿಮೆಯಿರುವ ನೀರಿನ ಡಬ್ಬಿ ಕೊಳ್ಳಿ, ಇಲ್ಲವೇ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ ನೀರು ಹಾಕಿ.

ಎರಡು-ಮೂರು ಗಂಟೆ ಬಿಟ್ಟು ಮೇವು ಹಾಕಿ. ರಾತ್ರಿ ನಾಲ್ಕಾರು ಮರಿಗಳನ್ನು ಎತ್ತಿ ಕತ್ತಿನ ಬುಡದಲ್ಲಿರುವ ಆಹಾರದ ಚೀಲವನ್ನು ಬೆರಳಿಂದ ಮೃದುವಾಗಿ ಮುಟ್ಟಿ ನೋಡಿ. ಮೆತ್ತಗೆ ತುಂಬಿದ್ದರೆ ಮರಿ ತಿಂದಿದೆ, ಕುಡಿದಿದೆ. ಖಾಲಿಯಿದ್ದರೆ ಕಾವು, ನೀರು, ಮೇವು ಈ ಮೂರರಲ್ಲಿ ಯಾವುದೋ ತಪ್ಪಿದೆ.

ಜೋಳದ ನುಚ್ಚು, ಉಳಿದ ಅನ್ನ ಸಾಕೇ?

ಮರಿಗೆ ಸಾಲದು. ಜೋಳದಲ್ಲಿ ಪ್ರೋಟೀನ್ ಇರುವುದು ನೂರಕ್ಕೆ ಸುಮಾರು 10ರಷ್ಟು, ಅಕ್ಕಿನುಚ್ಚಿನಲ್ಲಿ ಇನ್ನೂ ಕಡಿಮೆ. ಮರಿಗೆ ಬೇಕಾದ್ದು 20ಕ್ಕಿಂತ ಹೆಚ್ಚು. ಬರೀ ನುಚ್ಚು ತಿಂದ ಮರಿ ಹೊಟ್ಟೆ ತುಂಬಿಸಿಕೊಂಡರೂ ಗರಿ ಬಿಡುವುದಿಲ್ಲ, ರೋಗ ತಡೆಯುವುದಿಲ್ಲ. ಕನಿಷ್ಠ ಐದಾರು ವಾರ ಅಂಗಡಿಯಲ್ಲಿ ಸಿಗುವ ಮರಿಗಳ ‘ಸ್ಟಾರ್ಟರ್’ ಆಹಾರವನ್ನೇ ಕೊಡಬೇಕು. ಈ ಅವಧಿಗೆ ಒಂದು ಮರಿಗೆ ಸುಮಾರು 1ರಿಂದ 1.5 ಕೆ.ಜಿ. ಹಿಡಿಯುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಮೊಟ್ಟೆಯಿಡುವ ಕೋಳಿಗಳ ಆಹಾರವನ್ನು ಮರಿಗೆ ಹಾಕಬೇಡಿ. ಮೊಟ್ಟೆಚಿಪ್ಪಿಗೆಂದು ಅದರಲ್ಲಿ ಸುಣ್ಣದಂಶ ಹೆಚ್ಚಿರುತ್ತದೆ, ಮರಿಯ ಮೂತ್ರಪಿಂಡಕ್ಕೆ ಅದು ಭಾರ.

ಕೋಳಿ ಬೆಳೆದು ಅಂಗಳದಲ್ಲಿ ಮೇಯತೊಡಗಿದ ಮೇಲೆ ಚಿತ್ರ ಬದಲಾಗುತ್ತದೆ. ಹುಳುಹುಪ್ಪಟೆ, ಸೊಪ್ಪು, ಕಣದಲ್ಲಿ ಉದುರಿದ ಜೋಳ, ತೊಗರಿ ಹೊಟ್ಟಿನ ಕಾಳು ಎಲ್ಲವೂ ಒದಗಿ ಬರುತ್ತವೆ. ಫಾರ್ವರ್ಡ್‌ನ ‘ಖರ್ಚೇ ಇಲ್ಲ’ ಎಂಬ ಮಾತಿಗೆ ಅಲ್ಪಸ್ವಲ್ಪ ಅರ್ಥ ಬರುವುದು ಆಗ.

ಅರಿಶಿನ, ಬೆಳ್ಳುಳ್ಳಿ ನೀರು ಲಸಿಕೆಗೆ ಸಮವೇ?

ಇಲ್ಲ. ಅತ್ತೆಯ ಮರಿಗಳನ್ನು ಕೊನೆಗೆ ಕೊಂಡೊಯ್ದದ್ದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಅದಕ್ಕೆ ಅಂಟಿದೆ, ಹೊರದೇಶಗಳಲ್ಲಿ ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚುವುದು ಇದರ ಲಕ್ಷಣ. ಇದು ವೈರಸ್‌ನಿಂದ ಬರುವ ರೋಗ, ಬಂದ ಮೇಲೆ ಔಷಧಿಯಿಲ್ಲ. ಅರಿಶಿನ, ಬೆಳ್ಳುಳ್ಳಿ ಹಾಕಿದ ನೀರು ಈ ವೈರಸ್ಸನ್ನು ತಡೆಯುವುದಿಲ್ಲ. ಮನುಷ್ಯರ ಆ್ಯಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಹಾಕುವುದರಿಂದಲೂ ಪ್ರಯೋಜನವಿಲ್ಲ, ಆ್ಯಂಟಿಬಯೋಟಿಕ್‌ಗಳು ವೈರಸ್ ಮೇಲೆ ಕೆಲಸ ಮಾಡುವುದೇ ಇಲ್ಲ. ಮಾಂಸ, ಮೊಟ್ಟೆಯ ಮೂಲಕ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನಮ್ಮನ್ನು ಸೇರುವ ಅಪಾಯ ಬೇರೆ. ಈ ಆತಂಕದಿಂದಲೇ ಕೇಂದ್ರ ಸರ್ಕಾರ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಷೇಧಿಸಿತು.

ಲಸಿಕೆಯ ಸಾಮಾನ್ಯ ಕ್ರಮ ಹೀಗಿದೆ. ಮೊದಲ ದಿನ ಹ್ಯಾಚರಿಯಲ್ಲೇ ಮಾರೆಕ್ಸ್ ರೋಗದ ಲಸಿಕೆ ಆಗಿರಬೇಕು, ಆರ್ಡರ್ ಮಾಡುವಾಗಲೇ ಇದನ್ನು ಕೇಳಿ. 5ರಿಂದ 7ನೇ ದಿನ ಕಣ್ಣಿಗೋ ಮೂಗಿಗೋ ಹನಿಯಾಗಿ ಕೊಕ್ಕರೆ ರೋಗದ ಲಸಿಕೆ. ಸುಮಾರು 14ನೇ ದಿನ ಗಂಬೋರೊ. ನಾಲ್ಕನೇ ವಾರದ ಹೊತ್ತಿಗೆ ಕೊಕ್ಕರೆ ರೋಗದ ಎರಡನೇ ಸುತ್ತು. 6ರಿಂದ 8 ವಾರಕ್ಕೆ ಸಿಡುಬಿನ ಲಸಿಕೆ, 8ರಿಂದ 10 ವಾರಕ್ಕೆ ಕೊಕ್ಕರೆ ರೋಗದ ಚುಚ್ಚುಮದ್ದು. ಊರಿನ ಪರಿಸ್ಥಿತಿ ನೋಡಿ ಪಶುವೈದ್ಯರು ದಿನಗಳನ್ನು ಸ್ವಲ್ಪ ಬದಲಿಸಬಹುದು.

ಇಲ್ಲೊಂದು ವಾಸ್ತವದ ತೊಡಕಿದೆ. ಕೋಳಿ ಲಸಿಕೆಯ ಸೀಸೆ ಬರುವುದು 100 ಅಥವಾ ಅದಕ್ಕೂ ಹೆಚ್ಚು ಡೋಸ್‌ಗಳದ್ದು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. 20-25 ಮರಿಯಿರುವ ಒಂದು ಮನೆಗಾಗಿ ಸೀಸೆ ಒಡೆದರೆ ಉಳಿದದ್ದೆಲ್ಲ ಚರಂಡಿಪಾಲು. ಎಷ್ಟೋ ಅಂಗಳದ ಕೋಳಿಗಳಿಗೆ ಲಸಿಕೆ ತಪ್ಪುವುದು ಹೀಗೆಯೇ. ಉಪಾಯವೆಂದರೆ ಓಣಿಯ ನಾಲ್ಕು ಮನೆಯವರು ಒಂದೇ ದಿನ, ಒಂದೇ ವಯಸ್ಸಿನ ಮರಿ ತರಿಸುವುದು. ಒಂದು ಸೀಸೆ ಎಲ್ಲರಿಗೂ ಆಗುತ್ತದೆ, ಪಶು ಆಸ್ಪತ್ರೆಯವರಿಗೂ ಬರಲು ಅನುಕೂಲ. ಆರ್ಡರ್‌ಗೆ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಕೊಳ್ಳಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೂ ಕರೆ ಮಾಡಬಹುದು.

ಯಾವ ತಳಿ? ಮೂರು ತಿಂಗಳಲ್ಲಿ ಮೊಟ್ಟೆ ನಿಜವೇ?

ನಿಜವಲ್ಲ. ಅಂಗಳದಲ್ಲಿ ಸಾಕುವ ತಳಿಗಳು ಮೊಟ್ಟೆಯಿಡಲು ಸಾಮಾನ್ಯವಾಗಿ ಐದರಿಂದ ಆರು ತಿಂಗಳು ಬೇಕು.

ಕರ್ನಾಟಕದವರಿಗೆ ಪರಿಚಿತವಾದ ಗಿರಿರಾಜ ತಳಿಯನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಳೆಸಿತು. ಆಗ ಆ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 2004ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಅದರ ಅಡಿಗೆ ಬಂತು. ಆ ವಿಶ್ವವಿದ್ಯಾಲಯದ ಕೇಂದ್ರ ಕಮಲಾಪುರದಿಂದ ಹುಮನಾಬಾದ್ ದಾರಿ ಹಿಡಿದರೆ ಸಿಗುವ ಬೀದರ್. ಗಿರಿರಾಜ ಹ್ಯಾಟೆ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡಬಲ್ಲದು. ಊರಿನ ಅಪ್ಪಟ ನಾಟಿ ಹ್ಯಾಟೆ ಇಡುವುದು 50-60. ಹೆಬ್ಬಾಳದ್ದೇ ಆದ ಸ್ವರ್ಣಧಾರ, ಹೈದರಾಬಾದ್‌ನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಕೂಡ ಅಂಗಳಕ್ಕೆಂದೇ ರೂಪಿಸಿದ ತಳಿಗಳು.

ಗಿರಿರಾಜ ಕಾವು ಕೂರುವುದಿಲ್ಲ. ಮಿಶ್ರತಳಿಯಾದ್ದರಿಂದ ಅದರ ಮರಿಗಳಿಗೆ ತಾಯಿ-ತಂದೆಯ ಗುಣ ಪೂರ್ತಿ ಇಳಿಯುವುದೂ ಇಲ್ಲ. ಕಾವು ಕೂತು, ಮರಿ ಮಾಡಿ, ಹದ್ದು ಬಂದರೆ ರೆಕ್ಕೆಯಡಿ ಬಚ್ಚಿಡುವ ಕೆಲಸಕ್ಕೆ ನಾಟಿ ಹ್ಯಾಟೆಗೆ ಸಾಟಿಯಿಲ್ಲ. ಅಂಥದ್ದೊಂದು ನಿಮ್ಮಲ್ಲಿದ್ದರೆ ಬಲ್ಬಿನ ತಾಪತ್ರಯವೇ ಬೇಡ, ಫಲವತ್ತಾದ ಹತ್ತು-ಹನ್ನೆರಡು ಮೊಟ್ಟೆ ತಂದು ಅದರಡಿ ಇಟ್ಟರೂ ಆದೀತು.

ಮೊದಲ ಸಲ ಸಾಕುವವರಿಗೆ ಇನ್ನೂ ಒಂದು ದಾರಿಯಿದೆ. 5-6 ವಾರ ಬೆಳೆದ, ಮೊದಲ ಲಸಿಕೆಗಳಾದ ಮರಿಗಳನ್ನೇ ಕೊಳ್ಳುವುದು. ಬೆಲೆ ಹೆಚ್ಚು. ಆದರೆ ಕಾವು ಕೊಡುವ ಅಪಾಯದ ಹಂತ ಬೇರೆಯವರ ಕೈಯಲ್ಲಿ ಮುಗಿದಿರುತ್ತದೆ.

ಉದ್ದ ಮೊಟ್ಟೆ ಹುಂಜ, ದುಂಡು ಮೊಟ್ಟೆ ಹ್ಯಾಟೆ?

ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವಿಲ್ಲ. ದಾರಕ್ಕೆ ಉಂಗುರ ಕಟ್ಟಿ ತೂಗಿಸುವ ವಿಡಿಯೊ ಕೂಡ ಬರೀ ಆಟ. ಲಿಂಗ ನಿರ್ಧಾರವಾಗುವುದು ತಾಯಿಕೋಳಿಯಿಂದ ಬರುವ ವರ್ಣತಂತುವಿನಿಂದ. ಲಿಂಗ ಬೇರ್ಪಡಿಸದ ಮರಿ ತಂದರೆ ಸುಮಾರು ಅರ್ಧದಷ್ಟು ಹುಂಜಗಳಿರುತ್ತವೆ ಎಂದೇ ಎಣಿಸಿ. 20 ಮರಿ ತಂದು 20 ಹ್ಯಾಟೆಯ ಮೊಟ್ಟೆ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಹುಂಜವಿಲ್ಲದೆಯೂ ಹ್ಯಾಟೆ ಮೊಟ್ಟೆಯಿಡುತ್ತದೆ, ಅದು ಮರಿಯಾಗುವುದಿಲ್ಲ ಅಷ್ಟೇ. ಕಲಬುರಗಿ ನಗರದ ಒತ್ತೊತ್ತಾದ ಬಡಾವಣೆಯಲ್ಲಿದ್ದರೆ ನಸುಕಿನಲ್ಲಿ ಕೂಗುವ ಹುಂಜದ ಬಗ್ಗೆ ನೆರೆಮನೆಯವರ ಜೊತೆ, ಬಾಡಿಗೆ ಮನೆಯಾದರೆ ಮಾಲೀಕರ ಜೊತೆ ಮೊದಲೇ ಮಾತಾಡಿಕೊಳ್ಳುವುದು ವಾಸಿ.

ಜಾತ್ರೆಯಲ್ಲಿ ಮಾರುವ ಗುಲಾಬಿ, ಹಸಿರು, ನೀಲಿ ಮರಿಗಳು ಯಾವ ಹೊಸ ತಳಿಯೂ ಅಲ್ಲ. ಮೊಟ್ಟೆ ಉದ್ಯಮಕ್ಕೆ ಬೇಡವಾದ ಗಂಡು ಮರಿಗಳಿಗೆ ಬಣ್ಣ ಹಾಕಿ ಮಾರುವುದೇ ಹೆಚ್ಚು. ಕಾವು, ಲಸಿಕೆ ಯಾವುದೂ ಇಲ್ಲದೆ ಬಂದ ಅವು ಬಹುಪಾಲು ಕೆಲವೇ ದಿನಗಳಲ್ಲಿ ಸಾಯುತ್ತವೆ. ಅವನ್ನು ಕೊಂಡು ಮನೆಯ ಬೇರೆ ಮರಿಗಳ ಜೊತೆ ಬಿಟ್ಟರೆ ರೋಗವನ್ನೂ ಕೊಂಡಂತೆ.

ದುಡ್ಡು ಕಳಿಸುವ ಮುನ್ನ

‘ಮರಿ ನೀವು ಕೊಳ್ಳಿ, ಬೆಳೆದ ಮೇಲೆ ಹೆಚ್ಚು ಬೆಲೆಗೆ ನಾವೇ ವಾಪಸ್ ಕೊಳ್ಳುತ್ತೇವೆ’ ಎಂಬ ಮಾತು ಬಂದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. 2012ರಲ್ಲಿ ತಮಿಳುನಾಡಿನ ಈರೋಡ್ ಭಾಗದಲ್ಲಿ ಈಮು ಹಕ್ಕಿಯ ಹೆಸರಲ್ಲಿ, 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಕಡಕ್‌ನಾಥ್ ಕೋಳಿಯ ಹೆಸರಲ್ಲಿ ಇದೇ ಮಾತು ನಂಬಿ ಸಾವಿರಾರು ಜನ ಹಣ ಕಳೆದುಕೊಂಡರು. ಹಕ್ಕಿಯಲ್ಲಿ ದೋಷವಿರಲಿಲ್ಲ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ 2018ರಲ್ಲಿ ಭೌಗೋಳಿಕ ಗುರುತು ಪಡೆದ ಒಳ್ಳೆಯ ತಳಿಯೇ. ಹೊಸಬರ ಹಣದಿಂದ ಹಳಬರಿಗೆ ಕೊಡುವ ಲೆಕ್ಕಾಚಾರ ಕುಸಿದುಬಿತ್ತು, ಅಷ್ಟೇ.

ಸಣ್ಣ ಮಟ್ಟದ ಮೋಸ ಇನ್ನೂ ಸುಲಭ. ಚಿತ್ರ ಕಳಿಸಿ, ಮುಂಗಡ ಪಡೆದು, ಸಂಖ್ಯೆ ಬ್ಲಾಕ್ ಮಾಡಿದರೆ ಆಯಿತು. ಹ್ಯಾಚರಿಯ ವಿಳಾಸ, ಬಿಲ್, ಲಸಿಕೆಯ ವಿವರ, ದಾರಿಯಲ್ಲಿ ಸತ್ತ ಮರಿಗಳಿಗೆ ಯಾರು ಹೊಣೆ ಎಂಬುದು ಬರಹದಲ್ಲಿ ಇಲ್ಲದಿದ್ದರೆ ಹಣ ಕಳಿಸಬೇಡಿ. ಆದಷ್ಟೂ ವಿಶ್ವವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ, ಪಶುಪಾಲನಾ ಇಲಾಖೆಯಲ್ಲಿ ವಿಚಾರಿಸಿ ಕೊಳ್ಳಿ. ‘ಸರ್ಕಾರದಿಂದ ಉಚಿತ ಮರಿ, ಈ ಲಿಂಕ್ ಒತ್ತಿ’ ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಕೇಳದೆ ಒತ್ತಬೇಡಿ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಕ್ಕಳ ಆರೋಗ್ಯ, ಹಕ್ಕಿಜ್ವರದ ಭಯ

ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅದು ವಾಂತಿಭೇದಿ, ಜ್ವರ ತರುತ್ತದೆ, ಐದು ವರ್ಷದೊಳಗಿನ ಮಕ್ಕಳಿಗೂ ವಯಸ್ಸಾದವರಿಗೂ ಹೆಚ್ಚು ಅಪಾಯ. ಮರಿಯನ್ನು ಮುಖಕ್ಕೆ ಒತ್ತಿ ಮುದ್ದಿಸುವ ರೀಲ್ಸ್ ಬೇಡ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಅಡುಗೆಮನೆಯಲ್ಲಿ ಮರಿ ಇಡಬೇಡಿ.

ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಎರಡು ಅತಿರೇಕಗಳು ಹರಿದಾಡುತ್ತವೆ. ‘ಏನೂ ಆಗಲ್ಲ’ ಎಂಬುದು ಒಂದು, ‘ಕೋಳಿ ಮುಟ್ಟಿದರೆ ಸಾವು’ ಎಂಬುದು ಇನ್ನೊಂದು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿಯ ಕೋಳಿಗಳಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು, ಆದ್ದರಿಂದ ಎಚ್ಚರ ಬೇಕೇ ಬೇಕು. ಹಠಾತ್ತನೆ ಹಲವು ಕೋಳಿ ಸತ್ತರೆ ತಿನ್ನಬೇಡಿ, ಮಾರಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಮಾಂಸ, ಮೊಟ್ಟೆಯನ್ನು ಒಳಭಾಗ 70 ಡಿಗ್ರಿ ದಾಟುವಂತೆ ಬೇಯಿಸಿದರೆ ವೈರಸ್ ಉಳಿಯುವುದಿಲ್ಲ.

ಭಯದ ಫಾರ್ವರ್ಡ್ ಏನು ಮಾಡಬಲ್ಲದು ಎಂಬುದನ್ನು 2020ರಲ್ಲಿ ನೋಡಿದ್ದೇವೆ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳಿನಿಂದ ಕೋಳಿ ಬೆಲೆ ನೆಲ ಕಚ್ಚಿತು. ಬೆಳಗಾವಿ ಜಿಲ್ಲೆಯ ಸಾಕಣೆದಾರರೊಬ್ಬರು ಸಾವಿರಾರು ಮರಿಗಳನ್ನು ಜೀವಂತವಾಗಿ ಹೂಳಿದ ದೃಶ್ಯ ಆ ಮಾರ್ಚ್‌ನಲ್ಲಿ ಎಲ್ಲರ ಮೊಬೈಲಿಗೂ ಬಂತು. ಆ ಸುಳ್ಳನ್ನು ಮುಂದೆ ಕಳಿಸಿದ ಯಾರೂ ನಷ್ಟ ಕಟ್ಟಿಕೊಡಲಿಲ್ಲ.

ಹಾಗಾದರೆ ಯಾವಾಗ ತರಿಸಬೇಕು?

ಕಲಬುರಗಿ, ಕಮಲಾಪುರದ ಹವೆಗೆ ಮಳೆ ಕಡಿಮೆಯಾಗುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಅನುಕೂಲ. ಬಿಸಿಲಿನ ಕಾಟವಿಲ್ಲ, ಹಾಸು ಒಣಗಿರುತ್ತದೆ, ಗಡಗಡ ಚಳಿ ಬರುವಷ್ಟರಲ್ಲಿ ಮರಿಗೆ ಗರಿ ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳು ಮೊದಲ ಸಲ ಸಾಕುವವರಿಗಲ್ಲ. ಸಂಖ್ಯೆ 20-25 ಸಾಕು. ಎಲ್ಲ ಸರಿಯಿದ್ದರೂ ಮೊದಲ ವಾರಗಳಲ್ಲಿ ನೂರಕ್ಕೆ ಮೂರರಿಂದ ಐದು ಮರಿ ಸಾಯುವುದುಂಟು, ಅದಕ್ಕೆ ಎದೆಗುಂದಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಕಾರಣ ಹುಡುಕಬೇಕು.

ಅತ್ತೆ ಮತ್ತೊಮ್ಮೆ ಪ್ರಯತ್ನಿಸಿದ್ದು ಅಕ್ಟೋಬರ್‌ನಲ್ಲಿ. ಈ ಸಲ ಓಣಿಯ ಇನ್ನೂ ಮೂರು ಮನೆಯವರು ಜೊತೆಗೂಡಿದರು, ಮನೆಗೆ 25ರಂತೆ ಒಂದೇ ದಿನ ಮರಿ ಬಂದವು. ಲಸಿಕೆಯ ಒಂದೇ ಸೀಸೆ ನಾಲ್ಕೂ ಮನೆಗೆ ಸರಿಹೋಯಿತು. ಆರು ವಾರಕ್ಕೆ ಅವರ ಬಳಿ 23 ಉಳಿದಿದ್ದವು. ‘ಆವಾಗ್ಲೇ ಇದನ್ನೆಲ್ಲ ಕಳಿಸ್ಬೇಕಿತ್ತಲ್ಲ’ ಎಂದು ಅವರು ನಮ್ಮನ್ನು ಕೇಳಿದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಅದಕ್ಕಾಗಿ, ಮರಿಗಳ ಚಿತ್ರದ ಆ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಇಷ್ಟನ್ನು ಹಾಕಿ:

1. ಮೊದಲು ಜಾಗ, ಹಾಸು, ಜಾಲರಿ. ಆಮೇಲೆ ಆರ್ಡರ್.
2. ರಾತ್ರಿ ಕಾವಿಗೆ ತಂತಿ ಬಲ್ಬ್, ಎಲ್‌ಇಡಿ ಅಲ್ಲ. ಹಗಲಿಗೆ ನೆರಳು, ಗಾಳಿ.
3. ಬಂದ ಕೂಡಲೇ ನೀರು, ನಂತರ ಸ್ಟಾರ್ಟರ್ ಮೇವು. ಬರೀ ನುಚ್ಚು ಸಾಲದು.
4. ಲಸಿಕೆಯ ದಿನ ಪಶು ಆಸ್ಪತ್ರೆಯಲ್ಲಿ ಮೊದಲೇ ಗೊತ್ತು ಮಾಡಿ. ನಾಲ್ಕು ಮನೆ ಸೇರಿ ತರಿಸಿ.
5. ಮೊಟ್ಟೆಗೆ ಐದಾರು ತಿಂಗಳು. ಅರ್ಧ ಹುಂಜಗಳೇ ಇರುತ್ತವೆ.
6. ಬಿಲ್, ವಿಳಾಸ ಇಲ್ಲದವರಿಗೆ ಮುಂಗಡ ಕಳಿಸಬೇಡಿ.
7. ಮರಿ ಮುಟ್ಟಿದ ಮೇಲೆ ಕೈ ತೊಳೆಯಿರಿ.